ತೆಂಗಿನ ಚಿತ್ರವಿದ್ದ ಶಾಂಪೂ

ಪಾರ್ಲರ್ ಅಕ್ಕನ ಬೆರಳ ಸಂದುಗಳು ಸದಾ ಕೆಂಪಗೆ ಒಡೆದಿರುತ್ತಿದ್ದವು. ಗಿರಾಕಿಗಳ ಕಣ್ಣಿಗೆ ಬೀಳದಂತೆ ಕೈಗಳನ್ನು ಟವೆಲ್ ಕೆಳಗೆ ಅಡಗಿಸುತ್ತಿದ್ದರು. ಆದರೆ ಆ ಕೈ ತಲೆಯ ಮೇಲೆ ಬಿತ್ತೆಂದರೆ ಎಂಥ ಜಗಳಗಂಟಿಯೂ ಕಣ್ಣು ಮುಚ್ಚಿ ತೆಪ್ಪಗಾಗುತ್ತಿದ್ದಳು.

ಮುಂಬಯಿಯ ಚೆಂಬೂರಿನಲ್ಲಿದ್ದ ಅವರ ಪುಟ್ಟ ಪಾರ್ಲರ್‌ನಲ್ಲೇ ನಾನು ಕೆಲಸ ಕಲಿತದ್ದು. ಹೊಸ ಶಾಂಪೂ ಬಂದರೆ ಅಕ್ಕ ಮೊದಲು ಒಂದು ಹನಿ ತಮ್ಮ ಮೊಣಕೈಯ ಒಳಮಡಿಕೆಗೆ ಹಚ್ಚಿಕೊಳ್ಳುವರು. ಮರುದಿನ ತುರಿಕೆ ಇಲ್ಲದಿದ್ದರೆ ಮಾತ್ರ ಗಿರಾಕಿಯ ತಲೆಗೆ. "ಬೇರೆಯವರ ತಲೆ ಅದು, ನಮ್ಮದಲ್ಲ" ಎನ್ನುವರು.

ತೆಂಗಿನಕಾಯಿಯ ಚಿತ್ರವಿದ್ದ ಡಬ್ಬಕ್ಕೆ ಮಾತ್ರ ಈ ಪರೀಕ್ಷೆ ಇರಲಿಲ್ಲ. ಅಕ್ಕ ಮಂಗಳೂರು ಕಡೆಯ ಹೆಂಗಸು. ಕೈ ಉರಿ ಜಾಸ್ತಿಯಾದಾಗಲೆಲ್ಲ ಉಳಿದ ಶಾಂಪೂ ಬದಿಗಿಟ್ಟು ಅದನ್ನೇ ಹಿಡಿಯುವರು. ನಾನು ಡಾಕ್ಟರ ಮಾತೆತ್ತಿದರೆ ನಗುವರು: "ತೆಂಗು ನಮ್ಮ ಊರಿದ್ದು ಮಾರಾಯ್ತಿ, ಅದು ನಂಗೆ ಎಂತ ಮಾಡ್ತದೆ?"

ಕೊನೆಗೆ ಬಾಚಣಿಗೆ ಹಿಡಿಯಲೂ ಆಗದಾಗ ಚರ್ಮದ ಡಾಕ್ಟರ ಬಳಿ ಹೋದೆವು. ಅಕ್ಕನ ಬೆನ್ನಿಗೆ ಅಲರ್ಜಿ ಪರೀಕ್ಷೆಯ ಪಟ್ಟಿಗಳನ್ನು ಅಂಟಿಸಿ, ಎರಡು ದಿನ ಬಿಟ್ಟು ನೋಡಿದ ಅವರು, ಕೇಡು ತೆಂಗಿನ ಚಿತ್ರದ ಆ ಡಬ್ಬದ ನೊರೆಯಲ್ಲೇ ಇದೆ ಎಂದರು. ತೆಂಗಿನೆಣ್ಣೆಯಿಂದ ನೊರೆಯ ರಾಸಾಯನಿಕ ಮಾಡುವಾಗ ಅದಕ್ಕೆ ಬೆರೆಸುವ ಬೇರೊಂದು ರಾಸಾಯನಿಕದ ಅಂಶ ಉಳಿಯುತ್ತದಂತೆ. ಚೆನ್ನಾಗಿ ಶುದ್ಧಿ ಮಾಡದಿದ್ದರೆ ಕೆಲವರ ಚರ್ಮ ತಡೆಯದಂತೆ. ಕಾನೂನಿನ ಪ್ರಕಾರ ಡಬ್ಬದ ಮೇಲೆ ಇರಲೇಬೇಕಾದ ಪದಾರ್ಥಗಳ ಹೆಸರೂ ಅದರಲ್ಲಿರಲಿಲ್ಲ. ಇನ್ನು ತಲೆ ತೊಳೆಯುವ ಕೆಲಸವೇ ಬೇಡ ಎಂದುಬಿಟ್ಟರು ಡಾಕ್ಟರು.

ಲೋಕಲ್ ಟ್ರೇನಿನಲ್ಲಿ ಹಿಂದಿರುಗುವಾಗ ಅಕ್ಕ ಒಂದೇ ಮಾತು ಆಡಿದ್ದು: "ಅದನ್ನೊಂದೇ ನಾನು ಹಚ್ಚಿ ನೋಡ್ಲಿಲ್ಲ ಅಲ್ವಾ?"

ಮರುದಿನ ಅಕ್ಕ ಆ ಡಬ್ಬಗಳನ್ನೆಲ್ಲ ವಾಪಸು ಕಳಿಸಿದರು. "ಆಂಟಿ, ಸಬ್ ಯಹೀ ಲೇತೇ ಹೈಂ," ಎಲ್ಲರೂ ಇದನ್ನೇ ಕೊಳ್ಳುವುದು ಎಂದು ಮಾಲು ತರುವವನು ಗೊಣಗಿದ. "ತಗೊಳ್ಲಿ. ಹೆಸರು ಬರೀದೆ ಇದ್ದದ್ದು ನನ್ನ ಬಾಗಿಲು ದಾಟುದಿಲ್ಲ" ಎಂದರು ಅಕ್ಕ. ಆಮೇಲೆ ತಲೆ ತೊಳೆಯುವ ಕೆಲಸ ನನ್ನದಾಯಿತು; ಅವರು ಮೂಲೆಯ ಕುರ್ಚಿಯಲ್ಲಿ ಕೂತು ನನ್ನ ಕೈಗಳನ್ನು ನೋಡುತ್ತಿದ್ದರು. ಅವರ ಬೆರಳುಗಳು ತೊಡೆಯ ಮೇಲೆ ಸುಮ್ಮಸುಮ್ಮನೆ ಆಡುತ್ತಿದ್ದವು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರ ಹೃದಯ ನಿಂತಿತು. ಕೊನೆಯ ಸ್ನಾನಕ್ಕೆ ಅಕ್ಕನ ಮಗಳು ನನ್ನನ್ನೇ ಕರೆದು ಹೊಸ ಶಾಂಪೂ ಕೈಗಿತ್ತಳು. ಗೊತ್ತಿಲ್ಲದೆಯೇ ಒಂದು ಹನಿ ನನ್ನ ಮೊಣಕೈ ಮಡಿಕೆಗೆ ಹಚ್ಚಿಕೊಂಡು ನಿಂತುಬಿಟ್ಟೆ.

"ಎಂತಕ್ಕೆ ನಿಂತದ್ದು?" ಎಂದಳು ಮಗಳು.

ನಾಳೆಯವರೆಗೆ ಕಾಯುವಂತಿರಲಿಲ್ಲ. ಶಾಂಪೂ ಬದಿಗಿಟ್ಟು, ಅಕ್ಕನ ತಲೆಯನ್ನು ಬರೀ ನೀರಿನಲ್ಲಿ ತೊಳೆದೆ.