ಫ್ಲೆಕ್ಸ್ ಏರಿದ ಗೂಗ್ಲಿ

ನನಗೆ ಕ್ರಿಕೆಟ್ ಬರುವುದಿಲ್ಲ, ಹಿಟ್ಟು ಬೀಸುವುದು ಬರುತ್ತದೆ. ಕೃಷ್ಣರಾಜಪುರದ ಹಳೇ ಊರಿನೊಳಗೆ ನಮ್ಮ ಮನೆಯ ಮುಂಭಾಗವೇ ಗಿರಣಿ. ಮದುವೆಯಾಗಿ ಬಂದ ವರ್ಷದಿಂದ ಅದನ್ನು ನಡೆಸುತ್ತಿರುವವಳು ನಾನು. ಆದರೂ ಗೂಗ್ಲಿ ಎನ್ನುವ ಪದ ಯಾರ ಬಾಯಿಂದ ಬಂದರೂ ನನಗೆ ಮೈಯೆಲ್ಲ ಉರಿಯುತ್ತದೆ. ಟಿವಿಯವರು ಹೇಳಿದರೂ ಅಷ್ಟೇ, ಚಾನೆಲ್ ಬದಲಾಯಿಸುತ್ತೇನೆ. ಏಕೆಂದು ಇಲ್ಲಿ ಹೇಳುತ್ತೇನೆ. ಮಗಳ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. ಕಥೆ ಅವಳದು, ಸಿಟ್ಟು ಮಾತ್ರ ನನ್ನದು.

ಮನೆಯ ಹಿಂದೆ ಒಂದು ಕಣವಿದೆ. ಮಾವನವರ ಕಾಲದಲ್ಲಿ ಅಲ್ಲಿ ರಾಗಿ ಒಕ್ಕುತ್ತಿದ್ದರಂತೆ. ಹೊಲಗಳೆಲ್ಲ ಬಾಡಿಗೆ ಮನೆಗಳಾದ ಮೇಲೂ ಆ ಒಂದು ಪಟ್ಟಿ ನೆಲ ಹೇಗೋ ಉಳಿದುಕೊಂಡಿತು, ಅದರ ಮೂಲೆಯಲ್ಲಿ ರೋಣಗಲ್ಲೂ ಉಳಿಯಿತು. ಎತ್ತು ಕಟ್ಟಿ ತೆನೆಯ ಮೇಲೆ ಉರುಳಿಸುತ್ತಿದ್ದ ಭಾರದ ಕಲ್ಲು ಅದು. ಮಗಳಿಗೆ ಚೆಂಡಿನ ಹುಚ್ಚು ಹಿಡಿದಾಗ ಎತ್ತಿನ ಜಾಗದಲ್ಲಿ ನಾನೂ ನನ್ನ ಗಂಡನೂ ನಿಂತು ಹಗ್ಗ ಹಿಡಿದು ಎಳೆದೆವು. ಸುಗ್ಗಿಗೆ ಕಣ ಮಾಡುವ ಕ್ರಮದಲ್ಲೇ ನೀರು ಹೊಡೆದು, ಕಲ್ಲು ಉರುಳಿಸಿ, ಸಗಣಿ ಬಗ್ಗಡದಲ್ಲಿ ಸಾರಿಸಿದೆವು. ಪಿಚ್ ಮಾಡುವುದು ಹೇಗೆಂದು ನಮಗೆ ಗೊತ್ತಿರಲಿಲ್ಲ, ಕಣ ಮಾಡುವುದು ಗೊತ್ತಿತ್ತು. ಆ ನೆಲದ ಮೇಲೆ ಚೆಂಡು ಚೆನ್ನಾಗಿಯೇ ತಿರುಗುತ್ತಿತ್ತು.

ಅಲ್ಲಿ ಅವಳು ಒಂದೇ ಒಂದು ಚೆಂಡು ಕಲಿತಳು, ಲೆಗ್ ಬ್ರೇಕ್. ಬ್ಯಾಟು ಹಿಡಿದವರ ಕಾಲ ಕಡೆ ಬಿದ್ದು, ಅಲ್ಲಿಂದ ಅವರಿಗೆ ಎಟುಕದ ಹಾಗೆ ಆಚೆಗೆ ತಿರುಗಿಕೊಂಡು ಹೋಗುವ ಚೆಂಡು. ಹಿಂದೆ ನಿಂತು ಹಿಡಿಯಲು ಯಾರೂ ಇಲ್ಲದ್ದರಿಂದ ಕೀಪರ್ ನಾನೇ ಆದೆ. ನೈಟಿ ಎತ್ತಿ ಸಿಕ್ಕಿಸಿ, ಅಂಗೈಗೆ ಗೋಣಿತಾಟು ಸುತ್ತಿಕೊಂಡು ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಬಾಡಿಗೆಯವರು ಮಹಡಿಯಿಂದ ನೋಡಿ ನಗುತ್ತಿದ್ದರು, ನಗಲಿ. ಅವಳ ಕೈಯಿಂದ ಹೊರಡುವಾಗ ಚೆಂಡು ಗುಂಯ್ ಎನ್ನುತ್ತಿತ್ತು. ಬರಬರುತ್ತಾ ಅವಳ ಮಣಿಕಟ್ಟು ನೋಡಿದರೆ ಸಾಕು, ನನ್ನ ಕೈ ತಾನಾಗಿಯೇ ಚೆಂಡು ಬರುವ ಕಡೆಗೆ ಸರಿಯುತ್ತಿತ್ತು. ಓದಿನಲ್ಲಿ ಸಾಧಾರಣ, ಮಾತಿನಲ್ಲಿ ಅದಕ್ಕಿಂತ ಕಡಿಮೆ; ಆ ಹುಡುಗಿಗೆ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಒಂದು ಚೆಂಡು.

ಹದಿಮೂರು ತುಂಬಿದ ಮೇಲೆ ಇಂದಿರಾನಗರದ ಒಂದು ಕೋಚಿಂಗಿಗೆ ಸೇರಿಸಿದೆವು. ನೂರಡಿ ರಸ್ತೆಯ ಹಿಂದಿನ ಅಡ್ಡರಸ್ತೆಯಲ್ಲಿ ಒಂದು ಹಳೇ ಬಂಗಲೆ. ಮುಂದುಗಡೆ ಹೋಟೆಲು, ಹಿತ್ತಲಲ್ಲಿ ಬಲೆ ಕಟ್ಟಿದ ನೆಟ್ಸ್. ಶಾಲೆ ಬಿಟ್ಟ ಮೇಲೆ ಇಬ್ಬರೂ ಮೆಟ್ರೋ ಹತ್ತಿ ಹೋಗುತ್ತಿದ್ದೆವು. ದಾರಿಯುದ್ದಕ್ಕೂ ಅವಳು ಮಡಿಲ ಮೇಲೆ ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತಿರುಗಿಸಿ ತಿರುಗಿಸಿ ಹಾಕಿಕೊಳ್ಳುತ್ತಿದ್ದಳು. ಕೋಚ್ ಮೊದಮೊದಲು ಒಳ್ಳೆಯವರಾಗಿಯೇ ಇದ್ದರು. ದೊಡ್ಡ ಹುಡುಗರನ್ನು ಕರೆದು ಇವಳ ಮುಂದೆ ನಿಲ್ಲಿಸಿ, ಅವರು ಗಾಳಿಯಲ್ಲಿ ಬ್ಯಾಟು ಬೀಸುವುದನ್ನು ನೋಡಿ ಖುಷಿಪಡುತ್ತಿದ್ದರು. ಹದಿನೈದರೊಳಗಿನ ಹುಡುಗಿಯರ ತಂಡಕ್ಕೆ ಆಯ್ಕೆಯ ಪಂದ್ಯವಿದೆ ಎಂದು ಗೊತ್ತಾಯಿತೋ ಇಲ್ಲವೋ, ಅವರ ತಲೆಗೆ ಗೂಗ್ಲಿ ಹತ್ತಿತು.

ಗೂಗ್ಲಿಯೆಂದರೆ ಮೋಸದ ಚೆಂಡು. ಕೈ ನೋಡಿದರೆ ಲೆಗ್ ಬ್ರೇಕ್ ಅನ್ನಿಸಬೇಕು, ಬಿದ್ದ ಮೇಲೆ ಉಲ್ಟಾ ಒಳಗೆ ತಿರುಗಬೇಕು. ಅದಕ್ಕೆ ಮಣಿಕಟ್ಟನ್ನು ಪೂರ್ತಿ ಮಗುಚಿ ಚೆಂಡನ್ನು ಕೈಯ ಹಿಂಬದಿಯಿಂದ ಬಿಡಬೇಕು. ಆಯ್ಕೆಗೆ ಇಷ್ಟು ಹತ್ತಿರದಲ್ಲಿ ಇದೆಲ್ಲ ಯಾಕೆ, ಮುಗಿದ ಮೇಲೆ ನಿಧಾನಕ್ಕೆ ಕಲಿಸಬಾರದೇ ಎಂದು ಕೇಳಿದೆ. ತಾಯಂದಿರಿಗೆಂದೇ ಇಟ್ಟುಕೊಂಡಿರುವ ಒಂದು ನಗೆಯನ್ನು ಅವರು ನಕ್ಕರು.

"ಒಂದೇ ಬಾಲ್ ಇಟ್ಕೊಂಡು ಎಷ್ಟು ದಿನ ಮೇಡಂ? ಸೆಲೆಕ್ಟರ್ಸ್ ವೆರೈಟಿ ನೋಡ್ತಾರೆ."

ವೆರೈಟಿಯಂತೆ. ಅದೇನು ದರ್ಶಿನಿಯ ದೋಸೆಯೇ?

ಶುರುವಾಯಿತು. ವಾರದಲ್ಲಿ ಬಹುಪಾಲು ಗೂಗ್ಲಿಯೇ, ಲೆಗ್ ಬ್ರೇಕು ಕೊನೆಯಲ್ಲಿ ಹೊತ್ತು ಮಿಕ್ಕರೆ. ಮಗಳಿಗೆ ಭುಜದಲ್ಲಿ ನೋವು ಬಂತು, ನಾನು ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದೆ. ಏನೋ ಕೆಟ್ಟಿದೆ ಎಂದು ನನಗೆ ಗೊತ್ತಾದದ್ದು ಒಂದು ಭಾನುವಾರ ಕಣದಲ್ಲಿ. ಅವಳು ಮಾಮೂಲಿನಂತೆ ಲೆಗ್ ಬ್ರೇಕ್ ಹಾಕಿದಳು, ನಾನು ಮಾಮೂಲಿನಂತೆ ಕೈ ಸರಿಸಿದೆ, ಚೆಂಡು ತಿರುಗದೆ ನೇರವಾಗಿ ಎದೆಗೇ ಬಂತು. ಇನ್ನೊಂದು ಹಾಕಿದಳು, ಅದೂ ಹಾಗೆಯೇ. ಗುಂಯ್ ಎನ್ನುವ ಸದ್ದೂ ಇರಲಿಲ್ಲ. ಅವಳು ತನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಾ ನಿಂತಳು. ಹೊಸದನ್ನು ಕಲಿಯುವ ಭರದಲ್ಲಿ ಮಣಿಕಟ್ಟು ಹಳೆಯದನ್ನು ಮರೆಯುತ್ತಿತ್ತು. ನಮ್ಮ ಗಿರಣಿಯಲ್ಲಿ ಖಾರಕ್ಕೆ ಬೇರೆ ಮೆಷಿನ್ ಇದೆ, ರಾಗಿಗೆ ಬೇರೆ. ಖಾರ ಬೀಸಿದ್ದರಲ್ಲಿ ರಾಗಿ ಸುರಿದರೆ ಮುದ್ದೆ ತಿಂದವರ ಕಣ್ಣಲ್ಲಿ ನೀರು ಬರುತ್ತದೆ. ನನ್ನ ಮಗಳಿಗೆ ಇದ್ದದ್ದು ಒಂದೇ ಕೈ.

ಕೋಚಿಗೆ ಹೇಳಿದೆ. ಕಲಿಯುವಾಗ ಸ್ವಲ್ಪ ಹಾಗಾಗುತ್ತದೆ, ಆಮೇಲೆ ಎರಡೂ ಕೂಡಿಕೊಳ್ಳುತ್ತವೆ ಎಂದರು. ಆಮೇಲೆ ಎಂದರೆ ಯಾವಾಗ ಎಂದು ಕೇಳಿದೆ. ಅವರು ನೆಟ್ಸಿನ ಕಡೆ ತಿರುಗಿ ಮುಂದಿನ ಹುಡುಗನನ್ನು ಕರೆದರು.

ಮನೆಯಲ್ಲಾದರೂ ನನ್ನ ಪರ ಯಾರಿದ್ದರು? ನನ್ನ ಗಂಡ ಅಣ್ಣನ ಮುಂದೆ ಬಾಯಿ ಬಿಡುವವರಲ್ಲ. ಆ ಅಣ್ಣ, ಅಂದರೆ ನನ್ನ ಭಾವನವರಿಗೆ, ವಾರ್ಡಿನ ಚುನಾವಣೆಗೆ ನಿಲ್ಲಬೇಕೆಂಬ ಆಸೆ ಬಹಳ ದಿನದ್ದು. ಅದಕ್ಕಾಗಿ ಅವರು ಮಾಡುವ ಕೆಲಸ ಒಂದೇ, ಫ್ಲೆಕ್ಸ್ ಕಟ್ಟಿಸುವುದು. ಹಬ್ಬಕ್ಕೆ ಫ್ಲೆಕ್ಸ್, ಹುಟ್ಟುಹಬ್ಬಕ್ಕೆ ಫ್ಲೆಕ್ಸ್, ಯಾರದೋ ಮಗ ಪಿಯುಸಿ ಪಾಸಾದರೆ ಅದಕ್ಕೊಂದು. ಎಲ್ಲದರಲ್ಲೂ ಮೂಲೆಯಲ್ಲಿ ಇವರದೊಂದು ಕೈಮುಗಿದ ಫೋಟೋ. ತಮ್ಮನ ಮಗಳು ಗೂಗ್ಲಿ ಕಲಿಯುತ್ತಿದ್ದಾಳೆ ಎಂದು ಕಿವಿಗೆ ಬಿದ್ದದ್ದೇ ತಡ, ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ರಾಗಿ ತಂದವರು ಡಬ್ಬಿ ಕೆಳಗಿಡುವ ಮೊದಲೇ ಗೂಗ್ಲಿ ಎಲ್ಲಿಗೆ ಬಂತು ಎಂದು ನನ್ನನ್ನು ಕೇಳತೊಡಗಿದರು. ಲೆಗ್ ಬ್ರೇಕ್ ಹೇಗಿದೆ ಎಂದು ಒಬ್ಬ ಪ್ರಾಣಿಯೂ ಕೇಳಲಿಲ್ಲ. ಒಂದು ಸಂಜೆ ಭಾವ ನೆಟ್ಸಿಗೂ ಬಂದು, ಅವಳು ಬೌಲ್ ಮಾಡುವಾಗ ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದರು. ಮಗುವಿನ ಫೋಟೋ ತಾನೇ ಎಂದು ನಾನು ಸುಮ್ಮನಿದ್ದೆ.

ಪಂದ್ಯವಿದ್ದದ್ದು ಸರ್ವಜ್ಞನಗರದ ಒಂದು ಶಾಲೆಯ ಮೈದಾನದಲ್ಲಿ. ಬೆಳಿಗ್ಗೆ ಆಟೋ ಇಳಿದು ಗೇಟಿನ ಕಡೆ ತಿರುಗಿದರೆ, ಮರದಿಂದ ಕಂಬಕ್ಕೆ ಅಡ್ಡಲಾಗಿ ಬಿಗಿದು ಕಟ್ಟಿದ ಫ್ಲೆಕ್ಸು. ಮೂಲೆಯಲ್ಲಿ ಭಾವನವರ ಕೈಮುಗಿದ ಮುಖ. ನಡುವೆ ನನ್ನ ಮಗಳು, ಕೈ ಮೇಲೆತ್ತಿ ಚೆಂಡು ಬಿಡುವ ಗಳಿಗೆಯಲ್ಲಿ. ಮಣಿಕಟ್ಟು ಪೂರ್ತಿ ಮಗುಚಿದೆ, ಕೈಯ ಹಿಂಬದಿ ನಮ್ಮ ಕಡೆಗಿದೆ, ಯಾವ ಬೆರಳು ಎಲ್ಲಿದೆ ಎಂಬುದು ಕನ್ನಡಕವಿಲ್ಲದೆಯೂ ಕಾಣುತ್ತದೆ. ಕೆಳಗೆ ಕೆಂಪಕ್ಷರದಲ್ಲಿ, ನಮ್ಮೂರ ಗೂಗ್ಲಿ ರಾಣಿಗೆ ಹಾರ್ದಿಕ ಶುಭಾಶಯಗಳು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೇನೆ, ಇವರು ಕುಲಾವಿಯನ್ನು ಊರ ಬಾಗಿಲಿಗೆ ಕಟ್ಟಿದ್ದರು. ಗುಟ್ಟಾಗಿರಲೆಂದೇ ಹುಟ್ಟಿದ ಚೆಂಡು ಅದು. ಅದಕ್ಕಾಗಿ ನನ್ನ ಮಗಳು ಭುಜ ಸವೆಸಿದ್ದಳು, ಇದ್ದ ಚೆಂಡನ್ನೂ ಕಳೆದುಕೊಂಡು ಕೂತಿದ್ದಳು. ಎದುರು ತಂಡದ ಹುಡುಗಿಯರು ಕಿಟ್ ಬ್ಯಾಗು ಹೊತ್ತುಕೊಂಡು ಫ್ಲೆಕ್ಸಿನ ಕೆಳಗೇ ನಿಂತಿದ್ದರು. ಒಬ್ಬಳು ಅದನ್ನು ನೋಡಿಕೊಂಡು ತನ್ನ ಮಣಿಕಟ್ಟನ್ನು ಹಾಗೇ ಮಗುಚಿ ಗೆಳತಿಗೆ ತೋರಿಸುತ್ತಿದ್ದಳು. ಮಗಳು ತಲೆ ಬಗ್ಗಿಸಿಕೊಂಡು ಒಳಗೆ ಹೋದಳು.

ಭಾವ ಅಲ್ಲೇ ನಿಂತು ಯಾರಿಗೋ ಫೋನಿನಲ್ಲಿ ದಾರಿ ಹೇಳುತ್ತಿದ್ದರು. ನಾನು ಅವರೆದುರು ದನಿಯೆತ್ತಿದವಳಲ್ಲ, ಅವತ್ತು ಎತ್ತಿದೆ.

"ಭಾವ, ಇದನ್ನ ಈಗ್ಲೇ ಬಿಚ್ಚಿಸಿ."

"ಮಗೀಗೆ ಒಳ್ಳೇದಾಗ್ಲಿ ಅಂದ್ರೆ ತಪ್ಪೇನಮ್ಮ?" ಎಂದರು. ನಿಜವಾಗಿಯೂ ಅರ್ಥವಾಗದೆ ಕೇಳಿದರು, ಅದೇ ನನಗೆ ಇನ್ನೂ ಸಿಟ್ಟು. ಕೆಟ್ಟದ್ದು ಮಾಡಬೇಕೆಂದು ಮಾಡಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಫ್ಲೆಕ್ಸ್ ಬಿಚ್ಚಲಿಲ್ಲ.

ಮಗಳ ಕೈಗೆ ಚೆಂಡು ಬಂದಾಗ ಕೋಚ್ ಗೆರೆಯಾಚೆ ನಿಂತು ಕೈಯನ್ನು ಮಗುಚಿ ಮಗುಚಿ ಸನ್ನೆ ಮಾಡುತ್ತಿದ್ದರು. ಫ್ಲೆಕ್ಸ್ ಸಾಲದಿದ್ದರೆ ಇದೂ ಇರಲಿ ಎಂಬಂತೆ. ಅವಳು ಗೂಗ್ಲಿ ಹಾಕಿದಳು. ಚೆಂಡು ಅರ್ಧದಾರಿಯಲ್ಲೇ ಬಿತ್ತು, ಬ್ಯಾಟು ಹಿಡಿದಿದ್ದವಳು ಕಾದಿದ್ದು ಬೌಂಡರಿಗೆ ಅಟ್ಟಿದಳು. ಮತ್ತೊಂದು ಹಾಕಿದಳು, ಅದು ನೆಲವನ್ನೇ ಮುಟ್ಟದೆ ಸೊಂಟದೆತ್ತರಕ್ಕೆ ಹೋಯಿತು, ಅದೂ ಬೌಂಡರಿ. ಆಮೇಲೆ ಅವಳು ಲೆಗ್ ಬ್ರೇಕಿಗೆ ಮರಳಿದಳು. ಅಪ್ಪನ ಮನೆಗೆ ಓಡಿ ಬಂದವಳ ಹಾಗೆ ಮರಳಿದಳು, ಬಾಗಿಲು ತೆರೆಯಲಿಲ್ಲ. ಚೆಂಡು ತಿರುಗಲಿಲ್ಲ. ಒಂದೊಂದು ಚೆಂಡು ಆದ ಮೇಲೂ ಅವಳು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಕ್ಯಾಪ್ಟನ್ ಬೇಗನೆ ಚೆಂಡು ಇಸಿದುಕೊಂಡು ಬೇರೆಯವಳಿಗೆ ಕೊಟ್ಟಳು. ಸಂಜೆ ಓದಿದ ಹೆಸರುಗಳಲ್ಲಿ ಇವಳದಿರಲಿಲ್ಲ.

ಗೇಟಿನ ಬಳಿ ಕೋಚ್ ಬಂದರು. ಬೇಸರ ಮಾಡಿಕೊಳ್ಳಬೇಡಿ ಎಂದರು. ಈಗ ಎಲ್ಲರೂ ಗೂಗ್ಲಿ ಗುರುತಿಸಿಬಿಡುತ್ತಾರೆ, ಮುಂದಿನ ವರ್ಷಕ್ಕೆ ಫ್ಲಿಪ್ಪರ್ ಎಂದು ಇನ್ನೊಂದಿದೆ, ನಾಳೆಯಿಂದಲೇ ಹಿಡಿಸೋಣ ಎಂದರು. ನನಗೆ ಕಿವಿಯಲ್ಲಿ ಮೆಷಿನ್ ಓಡಿದ ಹಾಗಾಯಿತು.

"ಸರ್, ಮೂರನೇದು ಆಮೇಲೆ ನೋಡೋಣ. ಇವ್ಳು ಬರೋವಾಗ ಒಂದು ತಂದಿದ್ಲಲ್ಲ, ಅದನ್ನ ವಾಪಸ್ ಕೊಡಿ ಮೊದ್ಲು."

ಅವರು ತಮ್ಮ ವಾಚ್ ನೋಡಿಕೊಂಡರು. ನಾವು ಮತ್ತೆ ಆ ಬಂಗಲೆಯ ಹಿತ್ತಲಿಗೆ ಹೋಗಲಿಲ್ಲ.

ಮಗಳು ಚೆಂಡನ್ನು ಮುಟ್ಟುವುದೇ ಬಿಟ್ಟಳು. ಕಿಟ್ ಬ್ಯಾಗು ಮಂಚದ ಕೆಳಗೆ ಸೇರಿತು. ಶಾಲೆಗೆ ಹೋದಳು, ಬಂದಳು, ಫೋನ್ ನೋಡಿದಳು. ನಾನು ಬಯ್ಯಲೂ ಇಲ್ಲ, ರಮಿಸಲೂ ಇಲ್ಲ. ಬಯ್ಯಬೇಕಾದವರು ಬೇರೆ ಇದ್ದರು, ಅವರನ್ನು ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಕೇಳಿಸುವಂತೆ ದಿನಾ ಬಯ್ದುಕೊಳ್ಳುತ್ತಿದ್ದೆ. ಭಾವ ಅಂಪೈರ್ ಸರಿಯಿರಲಿಲ್ಲ ಎಂದು ಊರಿಗೆಲ್ಲ ಹೇಳಿದರು. ಅಷ್ಟೇ ಅಲ್ಲ, ಆ ಫ್ಲೆಕ್ಸನ್ನು ತಂದು, ಗಿರಣಿಯ ಮುಂದಿನ ಶೀಟು ಸೋರುತ್ತಿದೆಯಲ್ಲ, ಅದರ ಮೇಲೆ ಹಾಸು ಎಂದು ಕೊಟ್ಟರು. ನನ್ನ ಮಗಳ ಮುಖವನ್ನು ಮಳೆಗೆ ಹಾಸಬೇಕಂತೆ. ಸುತ್ತಿ ಅಟ್ಟಕ್ಕೆ ಎಸೆದೆ.

ಕಣ ಖಾಲಿ ಬಿದ್ದಿತ್ತು. ಬೇಸಿಗೆ ಬಂತು, ಖಾರದಪುಡಿಯ ಕಾಲ. ಜನ ಗಿರಣಿಗೆ ತಂದುಕೊಟ್ಟ ಮೆಣಸಿನಕಾಯಿಯನ್ನು ಒಣಗಿಸಲು ಜಾಗ ಬೇಕಿತ್ತು. ಪಿಚ್ಚಿನ ಉದ್ದಕ್ಕೂ ಹರವಿದೆ. ಕೆಂಪಗೆ ಆ ತುದಿಯಿಂದ ಈ ತುದಿಯವರೆಗೆ ಎಷ್ಟೋ ದಿನ ಅದೇ ಬಿದ್ದಿತ್ತು.

ಒಂದು ಬೆಳಿಗ್ಗೆ ನಾನು ಗಿರಣಿಯ ಮೆಷಿನ್ನಿಗೆ ಬೆಲ್ಟು ಹಾಕುತ್ತಿದ್ದಾಗ ಅವಳು ಬಾಗಿಲಲ್ಲಿ ಬಂದು ನಿಂತಳು.

"ಅಮ್ಮ, ಮೆಣಸಿನಕಾಯಿ ಎತ್ತು."

ಎತ್ತಿದೆ. ಇಬ್ಬರೂ ಸೇರಿ ಗುಡಿಸಿ, ಸಾರಿಸಿ, ಕಲ್ಲು ಎಳೆದೆವು. ಅವಳು ಬರೀ ಲೆಗ್ ಬ್ರೇಕ್ ಹಾಕಿದಳು. ಮೊದಲು ತಿರುಗಲೇ ಇಲ್ಲ. ಅವಳು ಓಡಿ ಬರುವುದನ್ನು ಬಿಟ್ಟು ನಿಂತಲ್ಲಿಂದಲೇ ಹಾಕಿದಳು, ಆಮೇಲೆ ಒಂದು ಹೆಜ್ಜೆ ಇಟ್ಟು ಹಾಕಿದಳು, ಮೊದಲಿನಿಂದ ನಡೆಯಲು ಕಲಿಯುವವರ ಹಾಗೆ. ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಚೆಂಡು ಗುಂಯ್ ಎಂದಿತು. ಅದು ನನ್ನ ಗೋಣಿತಾಟಿಗೆ ಬಂದು ಬಿದ್ದಾಗ ನಾನು ಅತ್ತುಬಿಟ್ಟೆ. ಕೈಗೆ ಹತ್ತಿದ ಖಾರ ಕಣ್ಣಿಗೆ ತಾಗಿತು ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಅಲ್ಲಿಗೆ ಸಾಕಿತ್ತು ನನಗೆ. ಮಳೆಯೆಲ್ಲ ನಿಂತು ನೆಲ ಗಟ್ಟಿಯಾದ ಮೇಲೆ ಒಂದು ಭಾನುವಾರ ಎಂದಿನಂತೆ ಕೂತಿದ್ದೆ. ಅವಳು ಓಡಿ ಬಂದಳು. ಮಣಿಕಟ್ಟು ನೋಡಿದೆ, ಅದೇ ಮಣಿಕಟ್ಟು. ಸದ್ದು ಕೇಳಿದೆ, ಅದೇ ಸದ್ದು. ಕೈಯನ್ನು ಆಚೆಗೆ ಸರಿಸಿದೆ. ಚೆಂಡು ಈಚೆಗೆ ತಿರುಗಿ ಮೊಣಕಾಲ ಚಿಪ್ಪಿಗೆ ಬಡಿಯಿತು. ಕಣ್ಣು ಕತ್ತಲೆ ಬಂದು ನೆಲಕ್ಕೆ ಕೂತೆ.

ಬೈಯಬೇಕೆಂದು ಬಾಯಿ ತೆರೆದೆ. ಮತ್ತೆ ಅದೇ ಹಾಳು ಗೂಗ್ಲಿ, ಯಾರು ಹೇಳಿದರು ನಿನಗೆ ಎಂದು ಕೇಳಬೇಕೆಂದಿದ್ದೆ. ಅವಳು ಓಡಿ ಬಂದು ನನ್ನ ಕಾಲು ತಿಕ್ಕುತ್ತಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿಂಗೂ ಗೊತ್ತಾಗ್ಲಿಲ್ವಾ?" ಎಂದು ಕೇಳಿದಳು.

"ಇಲ್ಲ" ಎಂದೆ.

ಆ ಪಂದ್ಯದ ದಿನದಿಂದ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಮಹಡಿಯ ಕಡೆಗೊಮ್ಮೆ, ಬಾಗಿಲ ಕಡೆಗೊಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದಳು. "ಯಾರ್ಗೂ ಹೇಳ್ಬೇಡಮ್ಮ. ದೊಡ್ಡಪ್ಪಂಗಂತೂ ಬೇಡ್ವೇ ಬೇಡ."

ಮಧ್ಯಾಹ್ನ ಭಾವ ಗಿರಣಿಗೆ ಬಂದರು. ನಾನು ಕುಂಟುವುದನ್ನು ನೋಡಿ ಕಾಲಿಗೇನಾಯ್ತಮ್ಮ ಎಂದು ಕೇಳಿದರು. ಹಿತ್ತಲ ಬಾಗಿಲು ತಗುಲಿತು ಎಂದು ಹೇಳಿ, ಅವರ ರಾಗಿಯನ್ನು ಮೆಷಿನ್ನಿಗೆ ಸುರಿದೆ.