ಕಾಡುಬಾದಾಮಿ ಮರದ ಕೆಳಗೆ ಎರಡು ಮೇಜು

ಯೂಲಲಿ ಸೇಂಟ್ ಜಾರ್ಜಸ್ ಬಂದರಿನಲ್ಲಿ ಮಸಾಲೆ ಸರ ಮಾರಲು ನಿಂತಾಗ ಅವಳಿಗೆ ಮೂವತ್ತನಾಲ್ಕು ವರ್ಷ. ಅದಕ್ಕೆ ಮೊದಲು ಹನ್ನೊಂದು ವರ್ಷ ಕಡಲದಂಡೆಯ ಒಂದು ಹೋಟೆಲಿನಲ್ಲಿ ಕೋಣೆ ಗುಡಿಸಿ, ಹಾಸಿಗೆ ಹಾಸಿ, ಒದ್ದೆ ಟವೆಲ್ಲು ಹೊತ್ತಿದ್ದಳು. ಮೇ ತಿಂಗಳು ಬಂತೆಂದರೆ ಗಿರಾಕಿಗಳಿಲ್ಲವೆಂದು ಹೋಟೆಲಿನವರು ಅರ್ಧ ಜನರನ್ನು ಮನೆಗೆ ಕಳಿಸುತ್ತಿದ್ದರು, ನವೆಂಬರಿನಲ್ಲಿ ಮತ್ತೆ ಕರೆಯುತ್ತಿದ್ದರು. ಕರೆದೇ ಕರೆಯುತ್ತಾರೆಂಬ ನಂಬಿಕೆಯ ಮೇಲೆ ದ್ವೀಪದ ಎಷ್ಟೋ ಹೆಂಗಸರ ಸಂಸಾರ ನಡೆಯುತ್ತಿತ್ತು. ದೊಡ್ಡ ಚಂಡಮಾರುತದ ವರ್ಷ ಹೋಟೆಲಿನ ಚಾವಣಿ ಹಾರಿಹೋಯಿತು, ಮಾಲೀಕ ಬದಲಾದ, ನವೆಂಬರ್ ಬಂದು ಹೋಯಿತು. ಯೂಲಲಿಗೆ ಕರೆ ಬರಲಿಲ್ಲ.

ಮನೆಯಲ್ಲಿ ಐದು ವರ್ಷದ ಮಗಳು ಕೆರಿಸಾ. ಅವಳ ಅಪ್ಪ ಕೆಲಸ ಹುಡುಕಿಕೊಂಡು ತ್ರಿನಿದಾದಿಗೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡಿದ್ದ. ಯೂಲಲಿ ಎರಡು ದಿನ ಸುಮ್ಮನೆ ಕೂತಳು. ಮೂರನೆಯ ದಿನ ಎದ್ದು ಅಜ್ಜಿ ಕಲಿಸಿದ್ದನ್ನು ನೆನಪು ಮಾಡಿಕೊಂಡು ಲವಂಗವನ್ನು ನೀರಿಗೆ ಹಾಕಿದಳು. ಲವಂಗ ನೆನೆದು ಮೆತ್ತಗಾದರೇ ಸೂಜಿ ಇಳಿಯುವುದು. ಜಾಯಿಕಾಯಿ, ಚಕ್ಕೆಯ ತುಂಡು, ಒಣಶುಂಠಿ, ನಡುನಡುವೆ ಲವಂಗ, ಹೀಗೆ ಪೋಣಿಸಿದ ಹತ್ತು ಸರಗಳನ್ನು ತೋಳಿಗೆ ಹಾಕಿಕೊಂಡು ಬಂದರಿಗೆ ಹೋದಳು.

ಹಡಗಿನಿಂದ ಇಳಿದವರು ನಡೆದುಬರುವ ದಾರಿಯಲ್ಲಿ ಒಂದೇ ಒಂದು ಕಾಡುಬಾದಾಮಿ ಮರವಿತ್ತು. ಬಿಸಿಲಿಗೆ ಬಸವಳಿದ ಪ್ರವಾಸಿಗಳು ಅಲ್ಲಿ ನಿಂತೇ ನಿಲ್ಲುತ್ತಿದ್ದರು. ಆ ನೆರಳಿನಲ್ಲಿ ವರ್ಲಿನ್ ಎಂಬವಳು ಆಗಲೇ ಮಸಾಲೆ ಸರದ ಮೇಜು ಹಾಕಿದ್ದಳು. ಯೂಲಲಿಗಿಂತ ಆರು ವರ್ಷ ದೊಡ್ಡವಳು, ಎತ್ತರದ ಆಳು, ಹಳದಿ ತಲೆವಸ್ತ್ರ. ಹೊಸಬಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಾಲಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದಳು.

"ಈ ಕಡೆ ನಂದು. ಆ ಕಡೆ ನೀನಾದ್ರೂ ನಿಲ್ಲು, ಆಡಾದ್ರೂ ಕಟ್ಟು. ನಂಗೇನು."

ಹನ್ನೆರಡು ವರ್ಷ ಗೆರೆಯ ಆಚೆ ಈಚೆ ಇಬ್ಬರೂ ಮಾರಿದರು. ವರ್ಲಿನ್ ಬಾಯಿಂದ ಮಾರುವವಳು. "ಬಾ ಡಾರ್ಲಿಂಗ್, ಬರೀ ಮೂಸಿ ನೋಡು, ಮೂಸಿದ್ದಕ್ಕೆ ಕಾಸು ಕೇಳೋಷ್ಟು ಕೆಟ್ಟವಳಲ್ಲ ನಾನು" ಅನ್ನುವಳು. ಯೂಲಲಿ ಮಾತು ಕಡಿಮೆ. ಬಂದವರ ಅಂಗೈ ಹಿಡಿದು ಅದರ ಮೇಲೆ ಜಾಯಿಕಾಯಿ ತುರಿಯುವಳು. ಒಬ್ಬಳು ಊಟಕ್ಕೆ ಕೂತರೆ ಇನ್ನೊಬ್ಬಳು ಎರಡೂ ಮೇಜು ನೋಡಿಕೊಳ್ಳುತ್ತಿದ್ದಳು. ಯೂಲಲಿ ಕರಿದ ರೊಟ್ಟಿ ತಂದರೆ ವರ್ಲಿನ್ ಉಪ್ಪುಮೀನು ತರುವಳು. ಕೆರಿಸಾಳ ಜಡೆಗೆ ಮೊದಲ ಮಣಿ ಹಾಕಿದವಳೂ ವರ್ಲಿನ್ನೇ.

ಕೆರಿಸಾ ನರ್ಸಿಂಗ್ ಕಲಿಯಲು ಸೇರಬೇಕಾದ ವರ್ಷ ಆ ಸ್ನೇಹ ಮುರಿಯಿತು. ತಪ್ಪು ಯೂಲಲಿಯದು.

ಹಡಗಿನಿಂದ ಬಂದ ಹೆಂಗಸೊಬ್ಬಳು ಮಗಳ ಮದುವೆಗೆ ಅತಿಥಿಗಳಿಗೆಲ್ಲ ಒಂದೊಂದು ಸರ ಕೊಡಬೇಕು, ಮುಂದಿನ ವಾರ ಹಡಗು ಮರಳಿ ಬರುವಾಗ ಅರವತ್ತು ಸರ ಸಿದ್ಧವಿರಲಿ ಎಂದು ವರ್ಲಿನ್ ಹತ್ತಿರ ಮಾತಾಡುತ್ತಿದ್ದಳು. ಅರ್ಧ ಗಂಟೆ ಮಾತು ನಡೆದು, ದರ ಕುದುರಿ, ಹೆಸರು ಬರೆದುಕೊಳ್ಳಲು ಪೆನ್ನು ಕೇಳಿಕೊಂಡು ವರ್ಲಿನ್ ಪಕ್ಕದ ಟೋಪಿ ಅಂಗಡಿಗೆ ಹೋದಳು. ಅಷ್ಟರಲ್ಲಿ ಯೂಲಲಿ ಅದಕ್ಕಿಂತ ಕಡಿಮೆ ದರ ಹೇಳಿಬಿಟ್ಟಿದ್ದಳು. ವರ್ಲಿನ್ ಪೆನ್ನು ಹಿಡಿದುಕೊಂಡು ಬಂದಾಗ ಆ ಹೆಂಗಸು ಗೆರೆ ದಾಟಿ ಯೂಲಲಿಯ ಮೇಜಿನ ಮುಂದೆ ನಿಂತಿದ್ದಳು.

ವರ್ಲಿನ್ ಪೆನ್ನನ್ನು ಯೂಲಲಿಯ ಮೇಜಿನ ಮೇಲಿಟ್ಟಳು. "ತಗೋ, ಬರ್ಕೋ" ಎಂದಳು. ಆಮೇಲೆ ಐದು ವರ್ಷ ಅವಳು ಯೂಲಲಿಯೊಂದಿಗೆ ಒಂದು ಮಾತೂ ಆಡಲಿಲ್ಲ.

ಬೇರೆ ಕಡೆ ಹೋಗೋಣವೆಂದರೆ ನೆರಳಿದ್ದದ್ದು ಅದೊಂದೇ ಕಡೆ. ಮಾತಿಲ್ಲದ ಇಬ್ಬರೂ ಕೈ ಚಾಚಿದರೆ ಎಟಕುವಷ್ಟು ದೂರದಲ್ಲೇ ದಿನವಿಡೀ ನಿಲ್ಲುತ್ತಿದ್ದರು. ಯೂಲಲಿ ಮೊದಮೊದಲು ಕ್ಷಮೆ ಕೇಳಬೇಕೆಂದುಕೊಂಡಳು. ನಾಳೆ ಕೇಳೋಣ, ಈ ಹಂಗಾಮು ಮುಗಿಯಲಿ ಎಂದು ತಳ್ಳುತ್ತಲೇ ಹೋದಳು. ಅದರ ನಡುವೆ ಲೋಕಕ್ಕೆಲ್ಲ ಕಾಯಿಲೆ ಬಂದು ಹಡಗುಗಳೇ ನಿಂತುಹೋದವು. ಸುಮಾರು ಎರಡು ವರ್ಷ ಬಂದರಿನಲ್ಲಿ ಪೆಲಿಕನ್ ಹಕ್ಕಿಗಳದ್ದೇ ರಾಜ್ಯ. ಯೂಲಲಿ ಮನೆಯ ಹಿಂದೆ ಸೊಪ್ಪು, ಮರಗೆಣಸು ಬೆಳೆದಳು. ಅಷ್ಟರಲ್ಲಿ ಕೆರಿಸಾ ನರ್ಸ್ ಆಗಿದ್ದಳು. ಅಡುಗೆಮನೆಯಲ್ಲಿ ಮಸಾಲೆಯ ವಾಸನೆ ಇಲ್ಲದ್ದು ಯೂಲಲಿಗೆ ಯಾರೋ ಮನೆ ಬಿಟ್ಟು ಹೋದ ಹಾಗೆ ಅನ್ನಿಸುತ್ತಿತ್ತು.

ಹಡಗುಗಳು ಮತ್ತೆ ಬಂದ ದಿನ ವರ್ಲಿನ್ ಕೂಡ ಬಂದಳು. ಅದೇ ಹಳದಿ ತಲೆವಸ್ತ್ರ, ಅದೇ ಬಾಯಿ. ಆದರೆ ಸರಗಳು ಅವಳ ಸರಗಳ ಹಾಗಿರಲಿಲ್ಲ. ಜಾಯಿಕಾಯಿ ಒಂದು ಕಡೆಗೆ ಜೋತುಬಿದ್ದಿತ್ತು, ಗಂಟು ಸಡಿಲ. ಹತ್ತು ಗಂಟೆಯ ಹೊತ್ತಿಗೆ ಕೆಂಪು ಟೋಪಿಯ ಒಬ್ಬಳು ಸರ ಕೊರಳಿಗೆ ಹಾಕಿಕೊಂಡು ಫೋಟೋಗೆ ನಿಂತಳು. ನಗುತ್ತ ಕತ್ತು ತಿರುಗಿಸಿದ್ದೇ ತಡ ದಾರ ಬಿಚ್ಚಿ ಲವಂಗ, ಚಕ್ಕೆ ಎಲ್ಲ ನೆಲದ ಮೇಲೆ ಚೆಲ್ಲಿಹೋದವು. ವರ್ಲಿನ್ ಹಣ ಹಿಂದಕ್ಕೆ ಕೊಟ್ಟು, ಮಂಡಿಯೂರಿ ಒಂದೊಂದೇ ಆಯತೊಡಗಿದಳು. ಆಗ ಯೂಲಲಿ ಅವಳ ಕೈ ನೋಡಿದಳು. ಎರಡೂ ಕೈ ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. ಬೆರಳ ತುದಿಗೆ ಸಿಕ್ಕ ಲವಂಗ ಎರಡೆರಡು ಸಲ ಜಾರಿತು.

ಹೋಗಿ ಆಯ್ದುಕೊಡಬೇಕೆಂದು ಯೂಲಲಿ ಒಂದು ಹೆಜ್ಜೆ ಮುಂದಿಟ್ಟಳು. ವರ್ಲಿನ್ ತಲೆ ಎತ್ತದೆಯೇ ಇನ್ನೊಂದು ಕಡೆಗೆ ತಿರುಗಿ ಕೂತಳು.

ಆ ಸಂಜೆ ಯೂಲಲಿ ಎಂದಿಗಿಂತ ಎರಡರಷ್ಟು ಲವಂಗ ನೆನೆಹಾಕಿದಳು. ಕೆಲಸದಿಂದ ಬಂದ ಕೆರಿಸಾ ಮೇಜಿನ ಮೇಲೆ ಎರಡು ಬುಟ್ಟಿ ನೋಡಿ ಕೇಳಿದಳು, "ಇಷ್ಟೊಂದು ಯಾರಿಗಮ್ಮಾ? ನಾಳೆ ಹಡಗು ಒಂದೇ ಅಲ್ವಾ ಬರೋದು?"

"ಒಂದು ಬುಟ್ಟಿ ವರ್ಲಿನ್‌ದು."

ಕೆರಿಸಾ ಕೈ ತೊಳೆದು ಬಂದು ಸೂಜಿಗೆ ದಾರ ಪೋಣಿಸಿಕೊಟ್ಟಳು.

ಬೆಳಗ್ಗೆ ಮೊದಲ ಮಿನಿಬಸ್ಸಿಗೆ ಹೋದ ಯೂಲಲಿ, ವರ್ಲಿನ್ ಮೇಜಿನ ಮೇಲಿನ ಟಾರ್ಪಾಲು ಎತ್ತಿ ಹನ್ನೆರಡು ಸರ ಇಟ್ಟು ಮುಚ್ಚಿದಳು. ವರ್ಲಿನ್ ಬಂದಳು, ಟಾರ್ಪಾಲು ಸರಿಸಿದಳು, ನೋಡಿದಳು. ಒಂದು ಸರ ಎತ್ತಿ ಗಂಟನ್ನು ಎಳೆದು ಪರೀಕ್ಷಿಸಿದಳು. ಯೂಲಲಿ ಹಡಗಿನ ಕಡೆ ಮುಖ ಮಾಡಿಕೊಂಡೇ ಓರೆಗಣ್ಣಲ್ಲಿ ನೋಡುತ್ತಿದ್ದಳು. ಎಸೆಯುತ್ತಾಳೆ ಎಂದುಕೊಂಡಳು. ವರ್ಲಿನ್ ಸರಗಳನ್ನು ಬಿದಿರುಕೋಲಿಗೆ ತೂಗುಹಾಕಿ, "ಬಾ ಡಾರ್ಲಿಂಗ್" ಎಂದು ಶುರು ಮಾಡಿದಳು. ಮಧ್ಯಾಹ್ನಕ್ಕೆ ಹನ್ನೆರಡೂ ಹೋಗಿದ್ದವು.

ಹೀಗೆ ಮೂರು ವಾರ ನಡೆಯಿತು. ನಾಲ್ಕನೆಯ ವಾರ ಒಂದು ಬೆಳಗ್ಗೆ ಯೂಲಲಿ ಟಾರ್ಪಾಲು ಎತ್ತಿದರೆ ಅದರಡಿ ಒಂದು ಚೀಲ. ಒಳಗೆ ಜಾಯಿಕಾಯಿ, ಎಲ್ಲ ಒಂದೇ ಗಾತ್ರ, ಒಂದೂ ಹುಳುಕಿಲ್ಲ. ಮೇಲೆ ಕಾಗದದಲ್ಲಿ ಸುತ್ತಿದ ಜಾಪತ್ರೆ. ಗುಯಾವ್ ಊರಿನ ಜಾಯಿಕಾಯಿ ಕಣಜದಲ್ಲಿ ಹುಡುಗಿಯಾಗಿದ್ದಾಗಿನಿಂದ ಕಾಯಿ ಆಯ್ದವಳು ವರ್ಲಿನ್. ನೀರಲ್ಲಿ ತೇಲುವ ಟೊಳ್ಳು ಕಾಯಿ ಯಾವುದು, ಮುಳುಗುವ ಗಟ್ಟಿ ಕಾಯಿ ಯಾವುದು ಎಂದು ಕಣ್ಣಿನಲ್ಲೇ ಹೇಳಬಲ್ಲಳು. ಪೋಣಿಸಲಾಗದ ಕೈ ಆಯುವುದಕ್ಕೆ ಇನ್ನೂ ಆಗುತ್ತಿತ್ತು.

ಅವಳು ಹಿಂದೆಯೇ ಬಂದು ನಿಂತಿದ್ದಾಳೆಂದು ಯೂಲಲಿಗೆ ಗೊತ್ತಾದದ್ದು ಮಾತು ಕೇಳಿದಾಗ.

"ಲವಂಗ ಜಾಸ್ತಿ ಹಾಕ್ತೀಯ ಕಣೇ ಲಲಿ. ಮೂಸಿದೋರಿಗೆ ಹಲ್ಲುನೋವಿನ ಡಾಕ್ಟರ ನೆನಪಾಗತ್ತೆ."

ಐದು ವರ್ಷದ ಮೇಲೆ ಮೊದಲ ಮಾತು. ಯೂಲಲಿ ತಿರುಗಿದಳು. 

"ಅವತ್ತು ಆ ಮದುವೆ ಸರದ್ದು... ನಾನು ಮಾಡಬಾರದಿತ್ತು ವರ್ಲಿನ್."

"ಮಾಡಬಾರದಿತ್ತು" ಎಂದಳು ವರ್ಲಿನ್. "ನೀನು ಕೇಳಿದ್ದಿದ್ರೆ ಮೂವತ್ತು ನಿಂಗೇ ಕೊಡ್ತಿದ್ದೆ. ಮಗು ಓದಬೇಕು ಅಂತ ನಂಗೂ ಗೊತ್ತಿತ್ತು. ಅರವತ್ತು ಒಬ್ಬಳೇ ಮಾಡೋಕೆ ನಂಗೇನು ಹತ್ತು ಕೈಯಾ?" ಎಂದು ಹೇಳಿ ತನ್ನ ಕೈಗಳನ್ನೇ ನೋಡಿಕೊಂಡಳು. "ಈಗ ಎರಡೂ ಇಲ್ಲ."

ಯೂಲಲಿಗೆ ಅಳು ಬಂತು. ವರ್ಲಿನ್ ತಲೆವಸ್ತ್ರದ ತುದಿ ಕೊಟ್ಟು, ಹಡಗನ್ನು ದಡಕ್ಕೆ ಕಟ್ಟುತ್ತಿದ್ದಾರೆ, ಅಳುಮೋರೆ ನೋಡಿ ಯಾರು ಸರ ತಗೋತಾರೆ, ಒರೆಸಿಕೋ ಎಂದು ಗದರಿದಳು.

ಆ ವಾರವೇ ಎರಡೂ ಮೇಜು ಕೂಡಿಸಿದರು. ಕಾಯಿ ಆಯುವುದು, ಕೂಗಿ ಕರೆಯುವುದು ವರ್ಲಿನ್. ಪೋಣಿಸುವುದು, ಅಂಗೈಗೆ ತುರಿಯುವುದು ಯೂಲಲಿ. ಬಂದ ಹಣ ಒಂದೇ ಡಬ್ಬಿಗೆ. ಪರವಾನಗಿ ನೋಡಲು ಬಂದ ಅಧಿಕಾರಿ ಇದು ಯಾರ ಮೇಜು ಎಂದು ಕೇಳಿದರೆ ಇಬ್ಬರೂ ಒಟ್ಟಿಗೆ ನಂದು ಎಂದರಂತೆ. ಕೆರಿಸಾ ವರ್ಲಿನ್‌ಳನ್ನು ತನ್ನ ಆಸ್ಪತ್ರೆಯ ಡಾಕ್ಟರ ಹತ್ತಿರ ಕರೆದೊಯ್ದು ತೋರಿಸಿದಳು. ವಾಸಿಯಾಗುವ ನಡುಕವಲ್ಲ, ಮಾತ್ರೆಯಿಂದ ಒಂದಿಷ್ಟು ತಡೆಯಬಹುದು ಎಂದರು. ಎರಡು ಹಂಗಾಮು ವರ್ಲಿನ್ ನಿಂತುಕೊಂಡೇ ಮಾರಿದಳು. ಮೂರನೆಯದರಲ್ಲಿ ಕುರ್ಚಿ ಬಂತು. ಕೂತಲ್ಲಿಂದಲೂ ಅವಳ ದನಿ ಹಡಗಿನ ಏಣಿಯವರೆಗೆ ಕೇಳುತ್ತಿತ್ತು.

ಮೇ ತಿಂಗಳಿನಿಂದ ಹಡಗು ಕಡಿಮೆ. ಆ ದಿನಗಳಲ್ಲಿ ಯೂಲಲಿ ಗುರುವಾರಗಳಂದು ಬಸ್ಸು ಹಿಡಿದು ಗುಯಾವ್‌ಗೆ, ವರ್ಲಿನ್ ಮನೆಗೆ ಹೋಗುತ್ತಿದ್ದಳು. ಜೂನಿನ ಒಂದು ಮಳೆಯ ಮಧ್ಯಾಹ್ನ ದೀವಿಹಲಸು, ಕೆಸುವಿನ ಸೊಪ್ಪು, ಉಪ್ಪುಮೀನು ಹಾಕಿ ತೆಂಗಿನ ಹಾಲು ಬತ್ತುವವರೆಗೆ ಬೇಯಿಸಿ, ಎರಡು ತಟ್ಟೆಗೆ ಬಡಿಸಿಕೊಂಡು ಬಂದು ಬಾಗಿಲ ಬಳಿ ವರ್ಲಿನ್ ಎದುರು ಕೂತಳು. ಯಾರಾದರೂ ತಿನ್ನಿಸಲು ಬಂದರೆ ವರ್ಲಿನ್‌ಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು, ಅದಕ್ಕೇ ಯೂಲಲಿ ಎಂದೂ ಆ ಪ್ರಯತ್ನ ಮಾಡಿದವಳಲ್ಲ. ಅಂದು ಎರಡು ಸಲ ಚಮಚ ಬಾಯಿಯ ತನಕ ಬಂದು ಮಡಿಲಿಗೆ ಚೆಲ್ಲಿತು. ವರ್ಲಿನ್ ಚಮಚವನ್ನು ತಟ್ಟೆಯಲ್ಲಿಟ್ಟು ಹೊರಗಿನ ಮಳೆ ನೋಡಿದಳು. ಆಮೇಲೆ ತಟ್ಟೆಯನ್ನು ಯೂಲಲಿಯ ಕಡೆ ಸರಿಸಿದಳು.

"ಸೊಪ್ಪು ಮೊದಲು ಕೊಡು" ಎಂದಳು. "ಮೀನು ಕೊನೆಗಿರಲಿ."

ಯೂಲಲಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಬಿಸಿ ಆರಲೆಂದು ಚಮಚಕ್ಕೆ ಊದಿದಳು.