ಟಿಕಳಿ ದಾಟಿದ ಗುಂಡಿ

ಹುಡಗಿ ಎಂಬ ಊರಿನ ಒಬ್ಬ ಮುದುಕಿಯ ದನದ ಹಿತ್ತಿಲ ಗೋಡೆ ಬಿದ್ದದ್ದು ನನ್ನಿಂದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ನಮ್ಮ ಮನೆಯವರು ಇರುವತನಕ ಈ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಹುಮನಾಬಾದಿನಲ್ಲಿ ಅವರದು ಮೈಕ್ ಸೆಟ್ಟಿನ ಅಂಗಡಿ. ನಾನು ಮದುವೆಯಾಗಿ ಬಂದ ತೊಂಬತ್ತರ ದಶಕದಲ್ಲಿ ಎರಡು ಭೋಂಗಾ ಸ್ಪೀಕರ್, ಒಂದು ಆಂಪ್ಲಿಫೈಯರ್ ಇದ್ದರೆ ಒಂದು ಮದುವೆ ಸಾಗುತ್ತಿತ್ತು. ಎರಡು ಸಾವಿರ ದಾಟಿದ ಮೇಲೆ ಎಲ್ಲರೂ ಡಿಜೆ ಕೇಳತೊಡಗಿದರು. ಆಳೆತ್ತರದ ಬಾಕ್ಸುಗಳನ್ನು ಟೆಂಪೋ ಮೇಲೆ ಕಟ್ಟಿಕೊಂಡು ಊರೂರು ತಿರುಗಿದರು. ಮಾಲೀಕನೂ ಅವರೇ, ಹಮಾಲನೂ ಅವರೇ.

ಇಷ್ಟು ದೊಡ್ಡ ಸದ್ದು ಮಾಡಿ ಬದುಕುವ ಮನುಷ್ಯ ತಾನು ಮಾತ್ರ ಬಹಳ ಮೆತ್ತಗೆ. ತಪ್ಪು ಯಾರದೇ ಇರಲಿ, "ನಂದೇ ಗಲ್ತಿ ಆತ್ರಿ" ಎನ್ನುವುದು ನಾಲಿಗೆಯ ಮೇಲೇ ಕುಳಿತಿರುತ್ತಿತ್ತು. ಬಸ್ಸಿನಲ್ಲಿ ಬೇರೆಯವರು ಇವರ ಕಾಲು ತುಳಿದರೂ ಇವರೇ ಹಾಗೆ ಅನ್ನುತ್ತಿದ್ದರು. ದಾರಿಗೆ ಅಡ್ಡ ನಿಂತ ಎಮ್ಮೆಗೆ ಅಂದದ್ದನ್ನೂ ನಾನು ಕಿವಿಯಾರೆ ಕೇಳಿದ್ದೇನೆ.

ಟೆಂಪೋದ ವಿಮೆ ಮಾಡಿಸಲು ಬಸವಕಲ್ಯಾಣದಿಂದ ಒಬ್ಬ ಏಜೆಂಟ್ ಬರುತ್ತಿದ್ದ. ಆ ವರ್ಷ ಚಹಾ ಕುಡಿಯುತ್ತ ಕೇಳಿದ:

"ಗಾಡಿಗಿ ಇನ್ಶೂರೆನ್ಸ್ ಅದ, ಖರೆ. ಆ ಬಾಕ್ಸ್ ಯಾರದರ ತಲಿ ಮ್ಯಾಲ ಬಿತ್ತಂದ್ರ ಏನ್ ಮಾಡ್ತೀರಿ?"

"ನಂದೇ ಗಲ್ತಿ ಆತ್ರಿ ಅಂತೀನಿ."

"ಅದನ್ನೇ ಅನಬಾರದ್ರೀ ಸಾಹುಕಾರ್ರ!"

ನಮ್ಮ ಕೆಲಸದಿಂದ ಬೇರೆಯವರ ಮೈಗೋ ಮನೆಗೋ ಪೆಟ್ಟಾದರೆ ಕಂಪನಿಯೇ ಭರಿಸುವ ಒಂದು ಪಾಲಿಸಿ ಇದೆ ಎಂದು ಅವನು ತಿಳಿಸಿದ. ಶರತ್ತು ಒಂದೇ. ಏನಾದರೂ ಆದರೆ ಮೊದಲು ಕಂಪನಿಗೆ ತಿಳಿಸಬೇಕು. ಅವರು ಬಂದು ನೋಡುವತನಕ ತಪ್ಪು ನಮ್ಮದೆಂದು ಯಾರೆದುರಿಗೂ ಒಪ್ಪಿಕೊಳ್ಳಬಾರದು. ಒಪ್ಪಿಕೊಂಡರೆ ಪಾಲಿಸಿ ಕೆಡುತ್ತದೆ.

ನಾನು ಏಳನೆಯ ಇಯತ್ತೆ ಪಾಸು, ಅಕ್ಷರ ದುಂಡಗೆ. ಪಾಲಿಸಿ ಮಾಡಿಸಿದೆವು; ಅದರ ಅರ್ಜಿಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಬರೆದವಳು ನಾನೇ. ಕೆಲಸ ಯಾವುದು ಎಂಬಲ್ಲಿ ನಮ್ಮ ಮನೆಯವರು, "ಮಂದೀನ ಕುಣಸೋದು ಅಂತ ಬರಿ" ಎಂದರು. ನಾನು "ಧ್ವನಿವರ್ಧಕ ಸೇವೆ" ಎಂದು ಬರೆದು ಅವರ ಮಾನ ಉಳಿಸಿದೆ.

ಅದಾಗಿ ಎರಡು ತಿಂಗಳಿಗೆ ಹುಡಗಿಯಲ್ಲಿ ಮದುವೆ. ಅದು ನನ್ನ ತವರೂರು, ನಾನೂ ಹೋಗಿದ್ದೆ. ನಮ್ಮ ಟೆಂಪೋ ಆ ಮುದುಕಿಯ ಹಿತ್ತಿಲ ಗೋಡೆಗೆ ತಾಗಿ ನಿಂತಿತ್ತು. ಊರೆಲ್ಲ ಅವಳನ್ನು ಆಯಿ ಎಂದೇ ಕರೆಯುವುದು. ಹಳೆಯ ಮಣ್ಣಿನ ಗೋಡೆ ನೋಡಿ ನಮ್ಮ ಮನೆಯವರು ಆಂಪ್ಲಿಫೈಯರಿನಲ್ಲಿ ಸದ್ದಿನ ಗುದ್ದು ಏರಿಸುವ ಬೇಸ್ ಗುಂಡಿಯ ಪಕ್ಕ ನನ್ನ ಹಣೆಯ ಟಿಕಳಿ ಕಿತ್ತು ಅಂಟಿಸಿದರು. "ಇದರ ಆಚಿಗಿ ಹೋಗಬಾರದು" ಎಂದು ಹೇಳಿ ಊಟಕ್ಕೆ ಹೋದರು.

ಅವರು ಅತ್ತ ಹೋದದ್ದೇ ತಡ, ನನ್ನ ಓರಗೆಯ ಹೆಂಗಸರು ಸುತ್ತಿಕೊಂಡರು. "ಏನ ಇದು, ನೊಣ ಗುಂಯ್ ಅಂದಂಗ ಆಗಾಕತ್ತದ! ಡಿಜೆ ಮಾಲೀಕನ ಹೇಂತಿ ಅಂತಿ, ಒಂದು ಗುಂಡಿ ತಿರುವಾಕ ಬರಂಗಿಲ್ಲೇನ?"

ತಿರುವಿದೆ. ಟಿಕಳಿ ದಾಟಿಸಿ ಕೊನೆಯತನಕ ತಿರುವಿದೆ. ನಾವು ನಾಲ್ಕು ಹೆಜ್ಜೆ ಕುಣಿದಿರಬಹುದು, ಗೋಡೆ ಧಸಕ್ಕೆಂದು ಕುಳಿತೇಬಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಆಯಿಯ ಎಮ್ಮೆ ಮಾತ್ರ ಹಗ್ಗ ಹರಿದುಕೊಂಡು ನೇರ ಊಟದ ಪಂಕ್ತಿಯೊಳಗೆ ನುಗ್ಗಿ ಬುಂದಿಯ ಬುಟ್ಟಿಗೆ ಬಾಯಿ ಹಾಕಿತು. ನಾನು ಗುಂಡಿ ಬಿಟ್ಟು ಹೆಂಗಸರ ನಡುವೆ ಸೇರಿಕೊಂಡೆ.

ಓಡಿ ಬಂದ ನಮ್ಮ ಮನೆಯವರು ಬಾಯಿ ತೆರೆದರು. ನಾನು ಅವರ ರಟ್ಟೆ ಚಿವುಟಿದೆ. "ಪಾಲಿಸಿ!" ಎಂದೆ.

ಅಂದಿನಿಂದ ಅವರು ಮೂಕರಾದರು. ಆಯಿ ಮಾತ್ರ ಸಿಕ್ಕವರಿಗೆಲ್ಲ ಹೇಳಿದಳು: "ಗ್ವಾಡಿ ಕೆಡವಿ, ಒಂದು ಮಾತ ಸುದ್ದಾ ಆಡದೆ ಹೋದ. ಅಳಿಯ ಅಂತ ಅಳಿಯ!" ತವರಿನಲ್ಲಿ ಅವರ ಹೆಸರು ಕೆಟ್ಟಿತು. ನಾನು ತಪ್ಪು ಒಪ್ಪಿಕೊಂಡರೆ ಆಯಿಗೆ ಕಂಪನಿಯಿಂದ ಗೋಡೆಯ ದುಡ್ಡು ಬರುವುದಿಲ್ಲ, ಒಪ್ಪಿಕೊಳ್ಳದಿದ್ದರೆ ಅವರ ಹೋದ ಹೆಸರು ಮರಳಿ ಬರುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಹೆದರಿಕೆ.

ಕಂಪನಿಯ ಸರ್ವೇಯರ್ ಬರುವ ದಿನ ಹೊರಡುವ ಮೊದಲು ನಾನು ದಪ್ಪದೊಂದು ಎಲೆ-ಅಡಿಕೆ ಮಡಚಿ ಅವರ ಬಾಯಿಗೆ ತುರುಕಿದೆ. "ಉಗಳಬ್ಯಾಡ್ರಿ. ಸಾಹೇಬ್ರು ಹೋಗೋತನಕ ಅಗೀರಿ." ಅವರು ನನ್ನನ್ನೇ ದಿಟ್ಟಿಸಿ ನೋಡುತ್ತ ಅಗಿದರು. ನಾವಿಬ್ಬರೂ ಹುಡಗಿ ಊರು ಮುಟ್ಟುವಷ್ಟರಲ್ಲಿ ಇನ್ನೊಂದು ಎಲೆಯೂ ಒಳಗೆ ಹೋಗಿತ್ತು.

ಸರ್ವೇಯರ್ ಗೋಡೆ ಅಳೆದರು. ಏಜೆಂಟ್ ಟೇಪಿನ ತುದಿ ಹಿಡಿದ. ಆಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನೋಡ್ರಿ ಇವನ್ನ. ನವಾಬನಂಗ ಎಲಿ ಮೆಲ್ಲಾಕತ್ತಾನ. ನಮ್ಮ ಎಮ್ಮಿ ಬ್ಯಾರೆ ಅಲ್ಲ, ಇಂವ ಬ್ಯಾರೆ ಅಲ್ಲ!"

ಅಷ್ಟೇ. ನಮ್ಮ ಮನೆಯವರು ಪಕ್ಕಕ್ಕೆ ತಿರುಗಿ ಉಗಿದು ಬಂದು ಎರಡೂ ಕೈ ಮುಗಿದರು. "ಆಯೀ, ನಂದೇ ಗಲ್ತಿ ಆತ್ರಿ."

ಏಜೆಂಟ್ ಟೇಪು ಬಿಟ್ಟ. ಅದು ಸರ್ರನೆ ಸುತ್ತಿಕೊಂಡು ಸರ್ವೇಯರ್ ಕೈಗೆ ಬಡಿಯಿತು. ಆಯಿ ಸೊಂಟದ ಮೇಲಿನ ಕೈ ಇಳಿಸಿ, ಸರ್ವೇಯರ್ ಕಡೆ ತಿರುಗಿದಳು.

"ಸಾಹೇಬ್ರ, ಬರಕೋರಿ. ಆ ಗ್ವಾಡಿ ನಮ್ಮತ್ತಿ ಇದ್ದಾಗಿಂದ ಹೊಟ್ಟಿ ಬಿಟ್ಟಿತ್ತು. ಹಳೀ ಗ್ವಾಡಿ, ಬಿತ್ತು. ಈ ತಮ್ಮಂದು ಏನೂ ಇಲ್ಲ."

ಒಬ್ಬರು ತಪ್ಪು ಒಪ್ಪಿದರು, ಇನ್ನೊಬ್ಬರು ತಪ್ಪೇ ಇಲ್ಲವೆಂದರು. ಸರ್ವೇಯರ್ ಪೆನ್ನು ಜೇಬಿಗಿಟ್ಟು, ಚಹಾ ಕುಡಿದು ಹೋದರು. ಕಂಪನಿಯಿಂದ ಏನೂ ಬರಲಿಲ್ಲ.

ಗೋಡೆಯನ್ನು ನಮ್ಮ ಮನೆಯವರೇ ಕಟ್ಟಿದರು. ಬೆಳಗ್ಗೆ ಹೋಗಿ ಮಣ್ಣು ಕಲಸಿ, ಕಲ್ಲು ಹೊತ್ತು, ನಾಲ್ಕು ದಿನ. ಮೊದಲ ದಿನ ಒಬ್ಬರೇ ಹೋದರು. ಆಮೇಲೆ ನಾನೂ ರೊಟ್ಟಿ ಕಟ್ಟಿಕೊಂಡು ಹೋದೆ. ಪ್ರತಿ ದಿನ ಮಾತು ಗಂಟಲತನಕ ಬಂದು ರೊಟ್ಟಿಯ ತುತ್ತಿನೊಂದಿಗೆ ಒಳಗಿಳಿಯಿತು.

ನಾಲ್ಕು ವರ್ಷದ ಮೇಲೆ ಅವರು ತೀರಿಕೊಂಡರು. ಎದೆನೋವು, ಆಸ್ಪತ್ರೆ, ಎಲ್ಲ ಒಂದೇ ದಿನದಲ್ಲಿ. ಮನೆಯಲ್ಲಿ ಅಷ್ಟು ಬಾಕ್ಸುಗಳಿದ್ದವು, ಒಂದರಲ್ಲೂ ಸದ್ದಿಲ್ಲ. ಮೂರನೆಯ ದಿನ ಆಯಿ ಷೇರ್ ಆಟೋದಲ್ಲಿ ಬಂದು ನನ್ನ ಪಕ್ಕ ಕುಳಿತಳು. ಅವಳ ಕೈಯಲ್ಲಿ ನನ್ನ ಕೈಯಿತ್ತು. ತಾನಾಗಿಯೇ ಬಂತು:

"ಆಯೀ, ಅವತ್ತ ಗುಂಡಿ ತಿರುವಿದಾಕಿ ನಾನು."

"ಈಗ ಹೇಳಾಕತ್ತೀಯೇನ?" ಎಂದಳು. "ಗ್ವಾಡಿ ಕಟ್ಟೋ ಮೊದಲನೇ ದಿನಾನೇ ನಿನ್ನ ಗಂಡ ಹೇಳಿದ್ದ. 'ಟಿಕಳಿ ದಾಟಿ ಹೋಗಿತ್ತು ಆಯೀ, ನಮ್ಮಾಕೀದೇ ಕೆಲಸ. ಆಕೀಗಿ ಕೇಳಬ್ಯಾಡ್ರಿ. ಕೇಳಿದ್ರ ಒಪ್ಪಕೋತಾಳ, ಪಾಲಿಸಿ ಇನ್ನಾ ಚಾಲೂ ಅದ' ಅಂದ."

ಸೂತಕದ ಮನೆಯಲ್ಲಿ ನನಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದೇನೆಂದು ತಿಳಿದು ಹೆಂಗಸರು ಬೆನ್ನು ಸವರಿದರು. ಸವರಿದ್ದಕ್ಕೆ ಅಳುವೂ ಬಂತು. "ನಂದೇ ಗಲ್ತಿ ಆತ್ರಿ" ಎಂದೆ. ಯಾರಿಗೆ ಅಂದೆನೆಂದು ಯಾರೂ ಕೇಳಲಿಲ್ಲ.

ಆಯಿ ಮಾತ್ರ ಮೂಲೆಯ ಆಂಪ್ಲಿಫೈಯರ್ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಕೆಡ್ತು ನೋಡು ಪಾಲಿಸಿ."